ಒಂದು ಕೂದಲೂ ಕೊಂಕದ ಹಾಗೆ

ಗೆರೆ ಮಾಮನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದು ಕೊನೆಯ ಸಲ ಬಳಕೆಗೆ ಬಂದದ್ದು ತಮ್ಮ ಮದುವೆಯ ದಿನ ಎಂದು ಅವರ ಹೆಂಡತಿ ಹೇಳುತ್ತಾರೆ. ಆಮೇಲೆ ಯಾರೋ ಗಿರಾಕಿ ಅವರು ಇಸ್ತ್ರಿ ಮಾಡಿಕೊಟ್ಟ ಪ್ಯಾಂಟನ್ನು ಬೆಳಕಿಗೆ ಹಿಡಿದು, "ಏನ್ರೀ ಗೆರೆ ಇದು! ಇದರಲ್ಲಿ ಸೌತೆಕಾಯಿ ಹೆಚ್ಚಬಹುದಲ್ರೀ" ಅಂದದ್ದೇ ನೆಪವಾಯಿತು. ಅಂದಿನಿಂದ ಅವರು ಗೆರೆಯವರಾದರು, ತಲೆ ನೆರೆತ ಮೇಲೆ ಗೆರೆ ಮಾಮ ಆದರು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಮಾಮ ಅಂತಲೇ ಕರೆಯುತ್ತಾರೆ. ಒಮ್ಮೆ ಹೆಂಡತಿಯೇ ಅವಸರದಲ್ಲಿ "ಗೆರೆ ಮಾಮ, ಹಾಲು ಉಕ್ತಿದೆ ನೋಡಿ" ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ಸಂಜೆವರೆಗೂ ಒಬ್ಬರೇ ನಗುತ್ತಿದ್ದರು.

ನಾಲ್ಕು ಮಹಡಿಯ ಹಳೇ ಕಟ್ಟಡದ ಕೆಳಗೆ ಬೀದಿಗೆ ತೆರೆದುಕೊಂಡ ಒಂದು ಕೋಣೆ ಅವರ ಅಂಗಡಿ. ಹಿಂದಿನ ಎರಡು ಕೋಣೆ ಮನೆ. ಅಂಗಡಿ ಅಂದರೆ ಒಂದು ಉದ್ದನೆಯ ಮೇಜು, ಅದರ ಮೇಲೆ ಎರಡು ಪದರ ಕಂಬಳಿ, ಅದರ ಮೇಲೊಂದು ಕಂದು ಬಣ್ಣಕ್ಕೆ ತಿರುಗಿದ ಬಿಳಿ ಬಟ್ಟೆ. ಬಲಗಡೆ ಇಸ್ತ್ರಿ ಪೆಟ್ಟಿಗೆ, ಎಡಗಡೆ ನೀರಿನ ಬಟ್ಟಲು. ನಲವತ್ತು ವರ್ಷದಿಂದ ಬಲಗೈ ಒತ್ತುತ್ತದೆ, ಎಡಗೈ ನೀರು ಚಿಮುಕಿಸುತ್ತದೆ. ಎಡಗೈ ಈ ಕೆಲಸಕ್ಕೆ ಮಾಮನ ಅಪ್ಪಣೆ ಕೇಳುವುದನ್ನು ಎಂದೋ ಬಿಟ್ಟಿತ್ತು. ಊಟಕ್ಕೆ ಕೂತಾಗ ಲೋಟದ ನೀರಿಗೆ ಬೆರಳದ್ದಿ ಮೇಜಿನ ಬಟ್ಟೆಗೆ ಚಿಮುಕಿಸುತ್ತಿತ್ತು. ಬೆಳಗಿನ ಪೇಪರಿಗೂ ಚಿಮುಕಿಸುತ್ತಿತ್ತು. ಮಗಳ ಶಾಲೆಯ ಅಂಕಪಟ್ಟಿಗೆ ಸಹಿ ಹಾಕುವ ಮುಂಚೆ ಒಮ್ಮೆ ಚಿಮುಕಿಸಿ, ಲೆಕ್ಕದಲ್ಲಿ ಬಂದಿದ್ದ ಅಂಕವೇ ಅಳಿಸಿಹೋಗಿ, "ಅಪ್ಪ ಬೇಕಂತಲೇ ಮಾಡಿದ್ರು, ಒಳ್ಳೇದಾಯ್ತು" ಎಂದು ಮಗಳು ಕುಣಿದಿದ್ದಳು.

ನೀರು ಬಿದ್ದ ಬಟ್ಟೆಯ ಮೇಲೆ ಕಾದ ಪೆಟ್ಟಿಗೆ ಕೂತಾಗ ಬರುವ 'ಚುಯ್' ಅನ್ನುವ ಸದ್ದು ಮಾಮನಿಗೆ ಪ್ರಾಣ. ಆ ಸದ್ದಿನಲ್ಲೇ ಅವರು ಹತ್ತಿ ಯಾವುದು, ಉಣ್ಣೆ ಯಾವುದು ಅಂತ ಹೇಳಬಲ್ಲರು. ಸಂಗೀತ ಬರದ ನಮ್ಮಂಥವರು ಕಛೇರಿಯಲ್ಲಿ ತಲೆದೂಗಿದ ಹಾಗಲ್ಲ, ನಿಜವಾಗಿ ಗೊತ್ತು.

ಇಷ್ಟು ಪಳಗಿದ ಕೈಗೂ ಒಂದು ಕಳಂಕ ಇತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಬ್ಬ ಗುಮಾಸ್ತರ ಬಿಳಿ ಷರ್ಟಿನ ಬೆನ್ನನ್ನು ಸುಟ್ಟಿದ್ದರು. ಹೇಳಲು ಧೈರ್ಯ ಬರಲಿಲ್ಲ. ಸುಟ್ಟ ಜಾಗ ಒಳಗೆ ಹೋಗುವ ಹಾಗೆ ಚಂದವಾಗಿ ಮಡಿಸಿ, ಪೇಪರು ಸುತ್ತಿ ಕೊಟ್ಟುಬಿಟ್ಟರು. ಗುಮಾಸ್ತರು ಬೆಳಗಿನ ಗಡಿಬಿಡಿಯಲ್ಲಿ ಅದನ್ನೇ ತೊಟ್ಟು, ಮೇಲೆ ಕೋಟು ಹಾಕಿಕೊಂಡು ಹೋಗಿ, ಕಚೇರಿಯ ಸಭೆಯಲ್ಲಿ ಸೆಕೆಗೆ ಕೋಟು ತೆಗೆದರು. ಬೆನ್ನ ಮೇಲೆ ಅಚ್ಚುಕಟ್ಟಾದ ಒಂದು ಕಂದು ದೋಣಿ. ಸಭೆ ನಕ್ಕಿತು. ಗುಮಾಸ್ತರು ಬಂದು ಬೈದಿದ್ದರೆ ಮಾಮ ಅಂದೇ ಮರೆಯುತ್ತಿದ್ದರೋ ಏನೋ. ಅವರು ಬರಲೇ ಇಲ್ಲ. ಹನ್ನೊಂದು ವರ್ಷ, ವರ್ಗವಾಗಿ ಹೋಗುವ ತನಕ, ಎದುರುಗಡೆಯ ಫುಟ್‌ಪಾತಿನಲ್ಲೇ ಓಡಾಡಿದರು. ದಿನಕ್ಕೆರಡು ಸಲ. ಮಾಮ ದಿನಕ್ಕೆರಡು ಸಲ ತಲೆ ತಗ್ಗಿಸಿದರು. ಆಮೇಲೆ ಅವರು ಸುಟ್ಟದ್ದು ಹೆಚ್ಚಿಲ್ಲ, ಮೂರೋ ನಾಲ್ಕೋ. ಒಂದನ್ನೂ ಮಡಿಸಿ ಕೊಟ್ಟಿಲ್ಲ. ಬಿಚ್ಚಿ ತೋರಿಸಿ, ಬೈಸಿಕೊಂಡು, ಹಗುರಾಗಿ ಮನೆಗೆ ಬಂದಿದ್ದಾರೆ.

ಈಚೆಗೆ ಅಂಗಡಿ ಅರ್ಧ ಆಗಿತ್ತು. ಸುಕ್ಕೇ ಬೀಳದ ಬಟ್ಟೆ ಬಂದು ಗಿರಾಕಿಗಳು ಕಮ್ಮಿಯಾಗಿದ್ದರು. "ಸುಕ್ಕೇ ಬೀಳಲ್ಲ ಅಂದ್ರೆ ಅದೆಂಥ ಬಟ್ಟೆ, ಹಸಿವೇ ಆಗದ ಹೊಟ್ಟೆ ಇದ್ದ ಹಾಗೆ" ಎಂದು ಮಾಮ ಗೊಣಗುತ್ತಿದ್ದ ಹೊತ್ತಿನಲ್ಲೇ ಮಗಳು ಪಾರ್ಲರಿನ ಕೆಲಸ ಬಿಟ್ಟು ಬಂದಳು. ಅಲ್ಲಿ ಎರಡು ವರ್ಷ ಬೇರೆಯವರು ಕತ್ತರಿಸಿದ ಕೂದಲು ಗುಡಿಸಿ, ನಡುವೆ ಕದ್ದುಮುಚ್ಚಿ ವಿದ್ಯೆ ಕಲಿತಿದ್ದಳು. ಅಂಗಡಿಯ ನಡುವೆ ಒಂದು ಪರದೆ ಎಳೆದು, ಆಚೆಗೊಂದು ಕನ್ನಡಿ, ಒಂದು ಕುರ್ಚಿ, ಒಂದು ಡ್ರೈಯರ್ ಮತ್ತು ಕೂದಲು ನೇರ ಮಾಡುವ ಸ್ಟ್ರೈಟ್ನರ್ ಇಟ್ಟಳು. ಮಾಮ ಅದಕ್ಕೆ ಇಕ್ಕಳ ಅನ್ನುತ್ತಿದ್ದರು.

"ಕೂದಲಿಗೆ ಇಸ್ತ್ರಿ ಮಾಡೋದೂ ಒಂದು ಕಸುಬಾ? ನಾನು ಮಾಡಿದ್ದು ಒಗೆಯೋವರೆಗೂ ಇರುತ್ತೆ. ನಿಂದು?"

"ನಂದೂ ತೊಳೆಯೋವರೆಗೂ ಇರುತ್ತಪ್ಪ."

ಮಾತಿನಲ್ಲಿ ಸೋತಾಗ ಮಾಮ ಕೊಂಕು ತೆಗೆಯುತ್ತಿದ್ದರು. ಕುರ್ಚಿ ಎತ್ತರ ಅಂದರು, ಪರದೆ ಬಣ್ಣ ಕಣ್ಣಿಗೆ ಹೊಡೆಯುತ್ತೆ ಅಂದರು. ಆದರೆ ಮೂರು ತಿಂಗಳಲ್ಲಿ ಆ ಕುರ್ಚಿ ಮೇಲೆ ಕೂತವರೆಲ್ಲ ಅತ್ತೆಯ ಮಗಳು, ಚಿಕ್ಕಮ್ಮ, ಶಾಲೆಯ ಗೆಳತಿ ಇಂಥವರೇ ಎಂಬುದು ಅವರಿಗೂ ಗೊತ್ತಿತ್ತು. ಪಾರ್ಲರಿನ ಯಜಮಾನಿ ಮತ್ತೆ ಕರೆಯುತ್ತಿದ್ದರು, ಪೊರಕೆ ಇನ್ನೂ ಅದೇ ಮೂಲೆಯಲ್ಲಿದೆ ಅಂತ. "ಈ ತಿಂಗಳು ನೋಡ್ತೀನಿ" ಅಂದಿದ್ದಳು ಮಗಳು. ಅವಳು ಹಾಗೆ ಅಂದ ದಿನ ಮಾಮ ಊಟದಲ್ಲಿ ಉಪ್ಪು ಜಾಸ್ತಿ ಅಂತ ಅರ್ಧಕ್ಕೇ ಎದ್ದರು. ಉಪ್ಪು ಸರಿಯಾಗಿಯೇ ಇತ್ತು.

ಹೀಗಿರುವಾಗ ಮೂರನೇ ಮಹಡಿಯ ಲೈಬ್ರರಿ ಮೇಡಂ ಕೆಳಗಿಳಿದು ಬಂದು ಪರದೆ ಸರಿಸಿದರು.

ಲೈಬ್ರರಿ ಮೇಡಂ ಮಾತಿಗೆ ಆ ಬೀದಿಯಲ್ಲಿ ತೂಕ ಇತ್ತು. ಅವರು ಓದಿ ಅಂದ ಪುಸ್ತಕ ಜನ ಓದುತ್ತಿದ್ದರು, ಅವರು ಕಾಲಿಡದ ಅಂಗಡಿಗೆ ಜನರೂ ಕಾಲಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾಗುತ್ತಿದ್ದರು. ಅವರ ಕೂದಲೋ, ಒಂದೊಂದು ಎಳೆಯೂ ಸುರುಳಿ ಸುತ್ತಿ, ಸುರುಳಿಯೊಳಗೆ ಸುರುಳಿ ಸೇರಿ, ತಲೆಯ ಸುತ್ತ ಒಂದು ಮೊಳ ಹರಡಿಕೊಂಡಿತ್ತು. ಅದರೊಳಗೆ ಸಿಕ್ಕಿಸಿಟ್ಟ ಪೆನ್ಸಿಲ್ಲು ಒಮ್ಮೆ ಎರಡು ದಿನ ಸಿಕ್ಕಿರಲಿಲ್ಲ.

"ನೋಡಮ್ಮ, ನಾಳೆ ಅಲ್ಲ ನಾಡಿದ್ದು ಬೆಳಗ್ಗೆ ಹತ್ತಕ್ಕೆ ಲೈಬ್ರರೀಲಿ ಗ್ರೂಪ್ ಫೋಟೊ. ಗೋಡೆಗೆ ಹಾಕ್ತಾರಂತೆ. ಪ್ರತಿ ವರ್ಷ ನನ್ನ ಹಿಂದೆ ನಮ್ಮ ಬೈಂಡರ್ ನಿಲ್ತಾರೆ, ಪುಸ್ತಕಕ್ಕೆ ರಟ್ಟು ಕಟ್ಟೋರು. ಕುಳ್ಳಗಿದ್ದಾರೆ, ಪಾಪ. ಮೂವತ್ತೊಂದು ಫೋಟೊದಲ್ಲಿ ಒಂದರಲ್ಲೂ ಅವರ ಮುಖ ಇಲ್ಲ. ಅವರ ಹೆಂಡತಿ ನನ್ನ ಜೊತೆ ಮಾತು ಬಿಟ್ಟು ಎಂಟು ವರ್ಷ ಆಯ್ತು. ಇದೊಂದು ಸಲ ನನ್ನ ಕೂದಲನ್ನ ನೆಟ್ಟಗೆ ಮಾಡಿಕೊಡು."

ಮಗಳು ಹತ್ತು ವರ್ಷದ ಅನುಭವಿಯ ಹಾಗೆ ಅಂದಳು, "ನಾಳೆ ಕೂದಲು ತೊಳೆದು, ಪೂರ್ತಿ ಒಣಗಿಸಿಕೊಂಡು ನಾಲ್ಕು ಗಂಟೆಗೆ ಬನ್ನಿ ಮೇಡಂ. ಒಂದು ಕೂದಲೂ ಕೊಂಕದ ಹಾಗೆ ಮಾಡಿ ಕಳಿಸ್ತೀನಿ."

ಮೇಡಂ ನಕ್ಕರು. "ಇರೋವೆಲ್ಲ ಕೊಂಕಿರೋವೇ ಕಣಮ್ಮ. ಅದಕ್ಕೇ ಬಂದಿದ್ದು."

ಮರುದಿನ ಮಧ್ಯಾಹ್ನ ಒಂದೂವರೆಗೆ ಮಗಳು ಅಡುಗೆಮನೆಯಲ್ಲಿ ಡಬ್ಬಿಯೊಂದರ ತಗಡಿನ ಮುಚ್ಚಳ ಕೀಳಲು ಹೋಗಿ ಬಲಗೈ ಹೆಬ್ಬೆರಳ ಬುಡ ಸೀಳಿಕೊಂಡಳು. ನಾಲ್ಕು ಹೊಲಿಗೆ ಬಿತ್ತು. ಬ್ಯಾಂಡೇಜು ಸುತ್ತಿದ ಹೆಬ್ಬೆರಳು ಬಲ್ಬಿನ ಹಾಗಿತ್ತು. ನಾಲ್ಕು ಗಂಟೆಗೆ ಮೇಡಂ ಬಂದಾಗ ಅವಳು ಆ ಬಲ್ಬನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡು ನಿಂತಿದ್ದಳು. ಎಡಗೈಯಲ್ಲಿ ಇಕ್ಕಳ ಹಿಡಿದು ನೋಡಿಯಾಗಿತ್ತು, ಆಗಿರಲಿಲ್ಲ.

"ಅಯ್ಯೋ ಪಾಪ" ಅಂದರು ಮೇಡಂ. ಹೊರಡಲು ತಿರುಗಿ, "ಹಾಗಾದ್ರೆ ಆ ಪಾರ್ಲರಿಗೇ ಹೋಗ್ತೀನಿ ಬಿಡು. ನೀನು ಕೈ ನೋಡ್ಕೊ" ಅಂದರು.

ಪರದೆಯ ಈಚೆ ಮಾಮನ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಆಗ ಒಳಗಿಂದ ಅವರ ಹೆಂಡತಿ, ಕೈ ಒರೆಸಿಕೊಳ್ಳುತ್ತಾ ಬಂದು ಹೇಳಿದರು: "ಯಾಕೆ ಹೋಗ್ತೀರಿ ಮೇಡಂ? ನಲವತ್ತು ವರ್ಷ ಇಸ್ತ್ರಿ ಮಾಡಿದ ಕೈ ಇಲ್ಲೇ ಸುಮ್ಮನೆ ನಿಂತಿದೆಯಲ್ಲ."

ಮೂರು ಜೋಡಿ ಕಣ್ಣು ಪರದೆಯ ಕಡೆ ತಿರುಗಿದವು. ಮಾಮ ಹಿಂದೆ ನೋಡಿದರು. ಹಿಂದೆ ಬೇರೆ ಯಾರೂ ಇರಲಿಲ್ಲ.

"ನಾನಾ? ನನಗೆ ಪ್ಯಾಂಟು ಗೊತ್ತು."

"ನಾನು ಪಕ್ಕದಲ್ಲೇ ಕೂತು ಹೇಳ್ಕೊಡ್ತೀನಪ್ಪ" ಅಂದಳು ಮಗಳು. ಮೂರು ತಿಂಗಳಲ್ಲಿ ಅವಳು ಅಪ್ಪನನ್ನು ಏನನ್ನೂ ಕೇಳಿರಲಿಲ್ಲ. "ಮಾಡ್ತೀಯಾ?"

ಮಾಮ ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದು ಬಂದರು. ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಕನ್ನಡಕ ಇಲ್ಲದಿದ್ರೆ ನನಗೆ ಕನ್ನಡೀಲಿ ನಾನೂ ಕಾಣಲ್ಲ, ನೀವೂ ಕಾಣಲ್ಲ. ಹೆದರಬೇಡಿ, ಶುರು ಮಾಡಿ" ಎಂದು ಕಣ್ಣು ಮುಚ್ಚಿದರು.

ಮೊದಲು ಮಾಮ ಬಿಸಿ ನೋಡಲೆಂದು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಇಕ್ಕಳದ ಕಡೆ ಒಯ್ದರು.

"ಅಪ್ಪ! ಎಂಜಲು!"

ಬೆರಳು ಹಿಂದೆ ಬಂತು. ಮಗಳು ಎಡಗೈಯಿಂದಲೇ ಕೂದಲನ್ನು ಪಾಲು ಮಾಡಿ, ಮೇಲಿನದಕ್ಕೆ ಕ್ಲಿಪ್ಪು ಹಾಕಿ, ಕುತ್ತಿಗೆಯ ಬಳಿಯ ತೆಳ್ಳನೆ ಎಳೆಯೊಂದನ್ನು ಅವರಿಗೆ ಕೊಟ್ಟಳು. ಮಾಮ ಅದನ್ನು ಇಕ್ಕಳದ ನಡುವೆ ಇಟ್ಟು, ಅಭ್ಯಾಸಬಲದಿಂದ, ಒತ್ತಿ ಹಿಡಿದರು.

"ಗೆರೆ ಬಿತ್ತು ನೋಡಪ್ಪ. ಎಲ್ಲೂ ನಿಲ್ಲಿಸಬಾರದು, ಎಳೀತಾ ಹೋಗ್ಬೇಕು."

"ಗೆರೆ ಬೀಳದಿದ್ರೆ ಇಸ್ತ್ರಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಬೀಳದಿದ್ರೇ ಆಯ್ತು ಅಂತ."

ನಲವತ್ತು ವರ್ಷ ಯಾವುದನ್ನು ಬರಿಸಲು ಹೆಣಗಿದ್ದರೋ ಅದು ಬಾರದ ಹಾಗೆ ನೋಡಿಕೊಳ್ಳುವುದು ಮಾಮನಿಗೆ ಮೊದಮೊದಲು ಒಗ್ಗಲಿಲ್ಲ. ಆದರೆ ನಾಲ್ಕನೇ ಎಳೆ ಇಕ್ಕಳದಿಂದ ಜಾರಿ ರೇಷ್ಮೆಯ ಹಾಗೆ ಕೆಳಗೆ ಇಳಿದಾಗ ಅವರ ಬಾಯಿ ತಾನಾಗಿಯೇ ತೆರೆಯಿತು. ಕೈಗೆ ದಾರಿ ಸಿಕ್ಕಿತು. ಮುಕ್ಕಾಲು ಗಂಟೆಯಲ್ಲಿ ಹಿಂದಿನದೆಲ್ಲ ಮುಗಿದು, ಬಲಗಡೆಯೂ ಮುಗಿಯುತ್ತಾ ಬಂತು. ಮಗಳ ಮುಖ ಅರಳಿತು. "ಅಪ್ಪ, ನೀನು ನನಗಿಂತ ಚೆನ್ನಾಗಿ ಎಳೀತೀಯ" ಅಂದಳು. ಮಾಮ ಕೇಳಿಸದವರ ಹಾಗೆ ಮಾಡಿದರು, ಇನ್ನೊಂದು ಸಲ ಹೇಳಲಿ ಅಂತ.

ಅಷ್ಟರಲ್ಲಿ ಹೆಂಡತಿ, ಮೇಡಂ ಆಗಿನಿಂದ ಕೂತೇ ಇದ್ದಾರಲ್ಲ ಅಂತ, ಒಂದು ಲೋಟ ನೀರು ತಂದು ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಮಾಮನ ಎಡಗಡೆಗೆ. ಇಸ್ತ್ರಿ ಮೇಜಿನ ಮೇಲೆ ನೀರಿನ ಬಟ್ಟಲು ಎಷ್ಟು ದೂರವೋ ಸರಿಯಾಗಿ ಅಷ್ಟೇ ದೂರಕ್ಕೆ. ಇಟ್ಟವರು ಮಗಳ ಕೈ ನೋಡಿ, "ಏ, ರಕ್ತ ಒಸರ್ತಿದೆ ಕಣೇ, ಬಾ ಒಳಗೆ, ಬ್ಯಾಂಡೇಜು ಬದಲಾಯಿಸ್ತೀನಿ" ಎಂದು ಎಳೆದುಕೊಂಡು ಹೋದರು.

ಮಾಮ ಹಣೆಯ ಮೇಲಿನ ಎಳೆ ಎತ್ತಿಕೊಂಡರು, ಎದುರಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವ ಎಳೆ. ಮನಸ್ಸು ಹಗುರವಾಗಿತ್ತು. ಮಗಳ ಮಾತು ಇನ್ನೂ ಕಿವಿಯಲ್ಲಿತ್ತು. ಮನಸ್ಸು ಅಲ್ಲಿದ್ದಾಗ ಎಡಗೈ ತನ್ನ ಪಾಡಿಗೆ ತಾನು ಲೋಟಕ್ಕೆ ಬೆರಳದ್ದಿ, ಆ ಎಳೆಗೆ ನಾಲ್ಕು ಹನಿ ಚಿಮುಕಿಸಿತು. ಬಲಗೈ ಇಕ್ಕಳ ಮುಚ್ಚಿ ಒತ್ತಿ ಹಿಡಿಯಿತು.

ಚುಯ್!

ಎಂಥ ಸದ್ದು! ಒಂದು ಕ್ಷಣ ಮಾಮನಿಗೆ ಖುಷಿಯೇ ಆಯಿತು. ಆಮೇಲೆ ವಾಸನೆ ಬಂತು. ಇಕ್ಕಳ ಬಿಚ್ಚಿದರು. ಎರಡು ಬೆರಳು ಅಗಲದ ಕೂದಲ ಎಳೆ ಅವರ ಅಂಗೈಯಲ್ಲಿತ್ತು. ಹಣೆಯ ಮೇಲೆ ಉಳಿದದ್ದು ಪಾತ್ರೆ ಉಜ್ಜುವ ಬ್ರಷ್ಷಿನಂಥ ಒಂದು ಮೋಟು.



"ಏನದು ಸದ್ದು?" ಕಣ್ಣು ಮುಚ್ಚಿದ್ದ ಮೇಡಂ ಕೇಳಿದರು. "ವಾಸನೆ ಬೇರೆ. ಇದು ಹೀಗೇ ಬರುತ್ತಾ?"

'ಹೂಂ' ಅಂದಿದ್ದರೆ ಮುಗಿದಿತ್ತು. ಆ 'ಹೂಂ' ನಾಲಿಗೆ ತುದಿಗೆ ಬಂದೂ ಇತ್ತು. ಮೇಡಂಗೆ ಕನ್ನಡಕವಿಲ್ಲ. ಮೇಲಿನ ಪದರದ ಕೂದಲನ್ನು ಇತ್ತ ಬಾಚಿ ಒಂದು ಕ್ಲಿಪ್ಪು ಹಾಕಿದರೆ ನಾಳೆ ಬೆಳಗ್ಗೆ ಬಾಚುವ ತನಕ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಹೊರಗೆ ಹತ್ತು ಜನ ನೋಡಿ ಚೆನ್ನಾಗಿದೆ ಅಂದಿರುತ್ತಾರೆ, ಕುರ್ಚಿ ಉಳಿದಿರುತ್ತದೆ. ಅಂಗೈಯ ಕೂದಲು ಆಗಲೇ ಮಾಮನ ಷರ್ಟಿನ ಜೇಬಿಗೆ ಇಳಿದಿತ್ತು. ಇಳಿಸಿದ್ದೂ ಎಡಗೈಯೇ.

ಜೇಬಿನೊಳಗೆ ಬೆರಳಿಗೆ ಅದು ಮುದುರಿ ತಾಗಿತು. ಮಡಿಸಿಟ್ಟ ಹಾಗೆ. ಮಾಮನಿಗೆ ಎದುರುಗಡೆಯ ಫುಟ್‌ಪಾತು ಕಂಡಿತು.

"ಮೇಡಂ, ಕನ್ನಡಕ ಹಾಕ್ಕೊಳ್ಳಿ" ಅಂದರು. ಜೇಬಿನಿಂದ ಕೂದಲು ತೆಗೆದು ಅವರ ಅಂಗೈಯಲ್ಲಿಟ್ಟರು. "ಸುಟ್ಟೆ ಮೇಡಂ."

ಮಗಳು ಆ ವಾಸನೆಗೇ ಓಡಿ ಬಂದಿದ್ದಳು, ಅರ್ಧ ಸುತ್ತಿದ ಬ್ಯಾಂಡೇಜು ಬಾಲದ ಹಾಗೆ ಹಿಂದೆ ಎಳೆದುಕೊಂಡು. ಹಣೆ ನೋಡಿದಳು, ಲೋಟ ನೋಡಿದಳು.

"ಅಪ್ಪ... ನೀರು ಹಾಕಿದ್ಯಾ?"

"ನಾನಲ್ಲಮ್ಮ" ಅಂದರು ಮಾಮ, ನಿಜವಾಗಿಯೇ ನಂಬಿ. "ಎಡಗೈ."

ಬೇರೆ ದಿನವಾಗಿದ್ದರೆ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನೆಲದ ಮೇಲೆ ಕೂತು, ಕಣ್ಣು ತುಂಬಿಕೊಂಡು, ಡ್ರೈಯರಿನ ವೈರನ್ನು ಸುತ್ತತೊಡಗಿದಳು. ಅಂಗಡಿ ಮುಚ್ಚುವವರ ಹಾಗೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಮನಿಗೆ ಎರಡನೇ ಸಲ ಅನ್ನಿಸಿತು, ಈ ಜೀವನದಲ್ಲಿ.

ಮೇಡಂ ಕನ್ನಡಕ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಎಡಗಡೆ ಹಳೆಯ ಪೊದೆ, ಬಲಗಡೆ ಹೊಸ ರೇಷ್ಮೆ, ನಡುವೆ ಗಡಿಕಲ್ಲಿನ ಹಾಗೆ ಒಂದು ಮೋಟು.

"ನನಗೆ ಕಾಣ್ತಾ ಇರಲಿಲ್ಲ" ಅಂದರು. "ನಿಮಗೂ ಗೊತ್ತಿತ್ತು. ಯಾಕೆ ಹೇಳಿದ್ರಿ?"

"ಹಿಂದೆ ಒಬ್ಬರ ಷರ್ಟು ಸುಟ್ಟು ಹೇಳಿರಲಿಲ್ಲ ಮೇಡಂ. ಹನ್ನೊಂದು ವರ್ಷ ಎದುರು ಫುಟ್‌ಪಾತಲ್ಲಿ ಓಡಾಡಿದ್ರು. ನೀವು ಇದೇ ಕಟ್ಟಡದವರು." ಮಾಮ ನೆಲ ನೋಡಿದರು. "ನಿಮಗೆ ಓಡಾಡೋಕೆ ಇಲ್ಲಿ ಬೇರೆ ಮೆಟ್ಟಿಲೂ ಇಲ್ಲ."

ಮೇಡಂ ತುಟಿ ಬಿಗಿಹಿಡಿದರು. ನಗುವೋ ಸಿಟ್ಟೋ ಗೊತ್ತಾಗಲಿಲ್ಲ. "ಮೂವತ್ತೊಂದು ವರ್ಷ ಜನ ನನಗೆ ಹರಿದ ಪುಸ್ತಕ ವಾಪಸ್ ಕೊಟ್ಟಿದ್ದಾರೆ. ಹಾಳೆ ಒಳಗೆ ತುರುಕಿ, ಗೋಂದು ಹಚ್ಚಿ, ಬೇರೆ ಪುಸ್ತಕಗಳ ಮಧ್ಯ ಮುಚ್ಚಿ. 'ಮೇಡಂ, ಹರಿದೆ' ಅಂತ ಬಿಚ್ಚಿ ತೋರಿಸಿದವರು ನಾಲ್ಕು ಜನ. ನಾಲ್ಕು ಜನಕ್ಕೂ ಆಗಲೇ, ಅಲ್ಲೇ, ಇನ್ನೊಂದು ಪುಸ್ತಕ ಕೊಟ್ಟಿದ್ದೀನಿ."

ಕೈ ಚಾಚಿ ಸ್ಟೂಲಿನ ಮೇಲಿನ ಲೋಟ ಎತ್ತಿದರು. ಒಂದು ಹನಿಯೂ ಉಳಿಯದ ಹಾಗೆ ಗಟಗಟ ಕುಡಿದು, ಬರೀ ಲೋಟವನ್ನು ಮಾಮನ ಹೆಂಡತಿಗೆ ಕೊಟ್ಟರು.

"ಇದನ್ನ ಒಳಗಿಡಿ. ಇನ್ನೊಂದು ತರಬೇಡಿ. ಮಾಮ, ಉಳಿದರ್ಧ ಮುಗಿಸಿ."

ಮಗಳು ವೈರು ಸುತ್ತುವುದನ್ನು ನಿಲ್ಲಿಸಿದಳು. "ಮೇಡಂ, ನೆಟ್ಟಗೆ ಮಾಡಿದ್ರೆ ಆ ಮೋಟು ಎದ್ದು ಕಾಣುತ್ತೆ. ತೊಳೆದುಬಿಟ್ರೆ ನಿಮ್ಮ ಗುಂಗುರಲ್ಲಿ ಮುಚ್ಚಿಹೋಗುತ್ತೆ. ನಿಜ ಹೇಳ್ತಿದ್ದೀನಿ."

"ಅಪ್ಪನ ಮಗಳೇ ನೀನು" ಅಂದರು ಮೇಡಂ. "ಕಾಣಲಿ. ಬೈಂಡರ್ ಕಥೆ ನೆಪ ಕಣಮ್ಮ. ಅರವತ್ತು ವರ್ಷದಲ್ಲಿ ಒಂದು ದಿನ ನಾನು ತಲೆ ತಿರುಗಿಸಿದಾಗ ಕೂದಲೂ ನನ್ನ ಜೊತೆ ತಿರುಗಬೇಕು ಅಂತ ಆಸೆ. ಒಂದು ಮೋಟಿಗೋಸ್ಕರ ಬಿಡಲಾ? ಕೊಂಕದ ಹಾಗೆ ಅಂತ ನೀನೇ ಅಂದಿದ್ದೆ, ಕೊಂಕಿಲ್ಲ. ಉದುರಿತು, ಅಷ್ಟೇ."

ಮಾಮ ಇಕ್ಕಳ ಎತ್ತಿಕೊಂಡರು. ಎಡಗೈಯನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡರು. ಮಗಳು ಎದ್ದು ಬಂದು ಅದನ್ನು ಮುಂದಕ್ಕೆ ಎಳೆದು, ಅದರಲ್ಲೊಂದು ಬಾಚಣಿಗೆ ಇಟ್ಟು ಬೆರಳು ಮಡಿಸಿದಳು.

"ಇದು ಮುಂದೆ ಹೋಗುತ್ತೆ, ಇಕ್ಕಳ ಹಿಂದೆ ಬರುತ್ತೆ. ನಾನೂ ಹಾಗೇ ಮಾಡೋದು. ಮೊದಲೇ ಹೇಳ್ಬೇಕಿತ್ತು, ಮರೆತೆ."

ಎಡಗೈಗೆ ಕೆಲಸ ಸಿಕ್ಕಿತು, ತೆಪ್ಪಗಾಯಿತು. ಆರೂವರೆಗೆ ಮೇಡಂ ಕುರ್ಚಿಯಿಂದ ಎದ್ದು, ಕನ್ನಡಿಯ ಮುಂದೆ ತಲೆಯನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗಿಸಿದರು. ಕೂದಲೂ ಜೊತೆಗೆ ತಿರುಗಿತು. ಇನ್ನೂ ನಾಲ್ಕು ಸಲ ತಿರುಗಿಸಿದರು. ಮೆಟ್ಟಿಲು ಹತ್ತುವಾಗಲೂ, ಯಾರೂ ನೋಡುತ್ತಿಲ್ಲ ಅಂದುಕೊಂಡು, ತಿರುಗಿಸುತ್ತಲೇ ಹೋದರು.

ವಾರ ಕಳೆದ ಮೇಲೆ ಫೋಟೊದ ಪ್ರತಿ ಹಿಡಿದುಕೊಂಡು ಬಂದರು. ನಡುವೆ ಅವರೇ ಕೂತಿದ್ದರು, ಹಣೆಯ ಮೇಲೆ ಮೋಟು ಆಂಟೆನಾ ಹಾಗೆ ನಿಂತಿತ್ತು. ಹಿಂದೆ ಬೈಂಡರ್, ಮೂವತ್ತೆರಡನೇ ಫೋಟೊದಲ್ಲಿ ಮೊದಲ ಸಲ, ಪೂರ್ತಿ ಮುಖ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದ್ದರು.

"ಅವರ ಹೆಂಡತಿ ಈಗ ನನ್ನ ಜೊತೆ ಮಾತಾಡ್ತಾರೆ" ಅಂದರು ಮೇಡಂ. "ಗಂಡನ ಜೊತೆ ಬಿಟ್ಟಿದ್ದಾರೆ."

ಮೇಡಂ ಒಬ್ಬರೇ ಬಂದಿರಲಿಲ್ಲ. ಹಿಂದೆ ಎರಡನೇ ಮಹಡಿಯ ಅಕ್ಕ ತಂಗಿಯರು, ತಲೆ ತೊಳೆದು ಒಣಗಿಸಿಕೊಂಡು, ಅಂಗಡಿಯ ಹೊಸ್ತಿಲಲ್ಲಿ ಅನುಮಾನದಿಂದ ನಿಂತಿದ್ದರು. "ಮಾಡೋರು ಯಾರು, ಮಗಳಾ ಮಾಮನಾ?" ಎಂದು ಅಕ್ಕ ಕೇಳಿದಳು.

"ನಾನೇ. ಹೊಲಿಗೆ ಬಿಚ್ಚಿಯಾಯ್ತು" ಅಂದಳು ಮಗಳು. "ಅಪ್ಪ ಕರೆದರೆ ಮಾತ್ರ ಬರ್ತಾರೆ. ಒಣ ಕೈಯಲ್ಲಿ."

ಅಕ್ಕ ಕುರ್ಚಿಯಲ್ಲಿ ಕೂತಳು, ತಂಗಿ ಸ್ಟೂಲಿನಲ್ಲಿ. ಮಗಳು ಮೊದಲ ಎಳೆ ಎತ್ತಿ ಇಕ್ಕಳ ಮುಚ್ಚಿದಳು. ಅದೇ ಹೊತ್ತಿಗೆ ಎಲ್ಲಿಂದಲೋ ಬಂತು: ಚುಯ್!

ಅಕ್ಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಎದ್ದು ನಿಂತಳು.

"ಕೂತ್ಕೊಳ್ಳಮ್ಮ, ಕೂತ್ಕೊ" ಪರದೆಯಾಚೆಯಿಂದ ಗೆರೆ ಮಾಮ ಕೂಗಿದರು. "ಇದು ಷರ್ಟು!"